ಮನೆಯಲ್ಲಿ ಮೆದು, ಕಾರಿನಲ್ಲಿ ಗುಡುಗು: ಮಾಸ್ಟರಿಂಗ್ ದೋಷದ ಮೂಲ ಹುಡುಕುವ ಬಗೆ

ಅಕ್ಕನ ಮಗಳು ಹಾಡಿದ ನಾಲ್ಕು ವಚನಗಳನ್ನು ಧಾರವಾಡದ ಮಾಳಮಡ್ಡಿಯ ನಮ್ಮ ಹಳೆಯ ಮನೆಯ ಹಿಂದಿನ ಕೋಣೆಯಲ್ಲಿ ರೆಕಾರ್ಡ್ ಮಾಡಿದೆ. ದನಿ, ತಬಲಾ, ತಂಬೂರಿಗಳನ್ನು ಹದವಾಗಿ ಬೆರೆಸಿ ಮಿಕ್ಸ್ ಮಾಡಿದವನೂ ನಾನೇ, ಬೆರೆತದ್ದಕ್ಕೆ ಕೊನೆಯ ಹದ ಕೊಟ್ಟು ಮಾಸ್ಟರ್ ಮಾಡಿದವನೂ ನಾನೇ. ರಾತ್ರಿ ಎರಡು ಗಂಟೆಗೆ ಕೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿತ್ತು. ಮರುದಿನ ಭಾವನ ಕಾರಿನಲ್ಲಿ ಹುಬ್ಬಳ್ಳಿಗೆ ಹೊರಟಾಗ ಅದನ್ನೇ ಹಚ್ಚಿದೆವು. ಸತ್ತೂರು ದಾಟುವಷ್ಟರಲ್ಲಿ ತಬಲಾ ಜೋಡಿಯ ದಪ್ಪ ದನಿಯ ಡಗ್ಗಾದ ಒಂದೊಂದು ಪೆಟ್ಟಿಗೂ ಕಾರಿನ ಬಾಗಿಲು ನಡುಗತೊಡಗಿತು. ಭಾವ ಸದ್ದು ಕಡಿಮೆ ಮಾಡಿ, "ಇದು ವಚನವೋ, ಗಣಪತಿ ಮೆರವಣಿಗೆಯೋ?" ಎಂದರು. ಹಿಂದಿನ ಸೀಟಿನಲ್ಲಿದ್ದ ಹುಡುಗಿ ಮಾತಾಡಲಿಲ್ಲ. ಅದೇ ಹೆಚ್ಚು ನೋವಾಯಿತು.

ಮನೆಗೆ ಬಂದು, ತಳದ ಮತ್ತು ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ಯೂನಲ್ಲಿ ತಳದ ಸದ್ದನ್ನು ಕತ್ತರಿಸಿದೆ. ಮೊಬೈಲಿನಲ್ಲಿ ಕೇಳಿದರೆ ಡಗ್ಗಾ ಇದ್ದೂ ಇಲ್ಲದಂತಾಯಿತು. ಮತ್ತೆ ಏರಿಸಿದೆ. ಕಾರಿನಲ್ಲಿ ಮತ್ತೆ ಗುಡುಗು. ಹೀಗೆ ಏಳು ಕಡತಗಳಾದವು, ಏಳಕ್ಕೂ 'ಫೈನಲ್' ಎಂದೇ ಹೆಸರು. ಒಂದು ವಾರ ನಾನು ಮಾಡಿದ್ದೆಂದರೆ ದೋಷ ಎಲ್ಲಿದೆ ಎಂದು ಕೇಳಿಕೊಳ್ಳದೆ ಕೈಗೆ ಸಿಕ್ಕ ಗುಂಡಿ ತಿರುಗಿಸಿದ್ದು. ಆಮೇಲೆ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮಾಸ್ಟರಿಂಗ್‌ನಲ್ಲಿ ಕಾಣಿಸುವ ದೋಷಗಳಲ್ಲಿ ಹೆಚ್ಚಿನವು ಮಾಸ್ಟರಿಂಗ್‌ನಲ್ಲಿ ಹುಟ್ಟಿದವಲ್ಲ. ಅವು ಕೋಣೆಯಲ್ಲಿ, ಮಿಕ್ಸ್‌ನಲ್ಲಿ, ವಿದ್ಯುತ್ ಪ್ಲಗ್ಗಿನಲ್ಲಿ, ಕೆಲವೊಮ್ಮೆ ಕೇಳುವವರ ಮೊಬೈಲಿನಲ್ಲಿ ಇರುತ್ತವೆ.

ಮೊದಲ ಪರೀಕ್ಷೆ: ಎಲ್ಲವನ್ನೂ ಬಂದ್ ಮಾಡಿ ಕೇಳುವುದು

ಮಾಸ್ಟರ್ ಟ್ರ್ಯಾಕಿನ ಮೇಲೆ ಕೂರಿಸಿದ ಈಕ್ಯೂ, ಜೋರಾದ ಸದ್ದನ್ನು ಅದುಮುವ ಕಂಪ್ರೆಸರ್, ಶಿಖರಗಳು ಮಿತಿ ದಾಟದಂತೆ ತಡೆದು ಹಾಡನ್ನು ಎತ್ತುವ ಲಿಮಿಟರ್ ಎಲ್ಲವನ್ನೂ ಒಂದೇ ಸಲ ಆರಿಸಿ, ಅಂದರೆ ಬಂದ್ ಮಾಡಿ. ಆದರೆ ಹಾಗೇ ಹೋಲಿಸಿದರೆ ಮೋಸ ಹೋಗುತ್ತೀರಿ. ಜೋರಾಗಿ ಕೇಳಿಸುವುದೇ ಚೆನ್ನಾಗಿದೆ ಎಂದು ಕಿವಿ ಹೇಳುತ್ತದೆ, ಅದರಲ್ಲೂ ತಳದ ಮತ್ತು ಮೇಲಿನ ಸ್ವರಗಳು ಸದ್ದು ಹೆಚ್ಚಾದಂತೆ ತುಂಬಿ ಬಂದಂತೆ ತೋರುತ್ತವೆ. ನನ್ನ ಲಿಮಿಟರ್ ಹಾಡನ್ನು 7 ಡೆಸಿಬೆಲ್ ಎತ್ತಿತ್ತು. ಆದ್ದರಿಂದ ಮಾಸ್ಟರ್ ಆದ ಕಡತವನ್ನು 7 ಡೆಸಿಬೆಲ್ ಇಳಿಸಿ, ಎರಡನ್ನೂ ಸಮ ಮಾಡಿಕೊಂಡು ಕೇಳಿದೆ. ನಾನು ಅಭಿಮಾನ ಪಟ್ಟಿದ್ದ ಮಾಸ್ಟರಿಂಗ್‌ನ ಅರ್ಧ ಮಹಿಮೆ ಅಲ್ಲೇ ಇಳಿದುಹೋಯಿತು.

ಈಗ ದೋಷವನ್ನು ಹಿಂಬಾಲಿಸಬಹುದು. ಎಲ್ಲ ಆರಿಸಿದ ಮೇಲೂ ದೋಷ ಹಾಗೇ ಇದ್ದರೆ ಅದು ಮಿಕ್ಸ್‌ನದ್ದು ಅಥವಾ ರೆಕಾರ್ಡಿಂಗ್‌ನದ್ದು, ಹಿಂದೆ ಹೋಗಿ. ಆರಿಸಿದಾಗ ಹೋದರೆ, ಒಂದೊಂದನ್ನೇ ಹಚ್ಚುತ್ತ ಯಾವುದು ಹಚ್ಚಿದಾಗ ಮರಳಿ ಬರುತ್ತದೆ ಎಂದು ನೋಡಿ. ನಿಮ್ಮ ಕೋಣೆಯಲ್ಲಿ ಎರಡೂ ಸರಿಯಾಗಿದ್ದು ಹೊರಗೆ ಎಲ್ಲ ಕಡೆ ಒಂದೇ ರೀತಿ ಕೆಟ್ಟಿದ್ದರೆ ಕೋಣೆಯೇ ಸುಳ್ಳು ಹೇಳುತ್ತಿದೆ. ಹೊರಗಿನ ಒಂದೇ ಒಂದು ಉಪಕರಣದಲ್ಲಿ ಕೆಟ್ಟಿದ್ದರೆ ಆ ಉಪಕರಣವನ್ನು ಮೊದಲು ಅನುಮಾನಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಬೇಸರದ ಕೆಲಸ, ಆದರೆ ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ಮುಂದಿನ ಸಲಕ್ಕೆ ತಿಳಿಯುವುದಿಲ್ಲ.

ಡಗ್ಗಾ ಮನೆಯಲ್ಲಿ ಮೆತ್ತಗೆ, ಹೊರಗೆ ಗುಡುಗು

ನನ್ನ ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಚೆಂದ ಕಾಣಲೆಂದು ಕುರ್ಚಿಯನ್ನು ನಟ್ಟನಡುವೆ ಹಾಕಿದ್ದೆ. ತಪ್ಪು ಅಲ್ಲೇ ಇತ್ತು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1125 ಅಡಿ ಸಾಗುತ್ತದೆ. ಇದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಎರಡು ಗೋಡೆಗಳ ನಡುವೆ ನಿಂತುಬಿಡುವ ಮೊದಲ ಅಲೆಯ ಕಂಪನಾಂಕ ಸಿಗುತ್ತದೆ. 12 ಅಡಿಗೆ ಸುಮಾರು 47 ಹರ್ಟ್ಜ್, 10 ಅಡಿಗೆ ಸುಮಾರು 56. ಇಂಥ ಅಲೆ ಗೋಡೆಯ ಬಳಿ ದಪ್ಪವಾಗಿಯೂ ನಡುಮಧ್ಯದಲ್ಲಿ ತೀರ ತೆಳ್ಳಗೂ ಇರುತ್ತದೆ. ಅಂದರೆ ತಳದ ಸದ್ದು ಅತ್ಯಂತ ಕಡಿಮೆ ಕೇಳುವ ಜಾಗವನ್ನು ನಾನೇ ಅಳೆದು ಹುಡುಕಿ ಅಲ್ಲಿ ಕುರ್ಚಿ ಹಾಕಿದ್ದೆ. ಕೇಳದ್ದನ್ನು ಕೇಳಿಸಿಕೊಳ್ಳಲು 60 ಹರ್ಟ್ಜ್ ಸುತ್ತ 5 ಡೆಸಿಬೆಲ್ ಏರಿಸಿದ್ದೆ. ಕಾರಿನಲ್ಲಿ ಆ ಐದೂ ಹೊರಗೆ ಬಿದ್ದವು.

ಇದನ್ನು ನೀವೂ ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಒಂದೇ ಶುದ್ಧ ಸ್ವರ ಹುಟ್ಟಿಸುವ ಉಪಕರಣ ಇರುತ್ತದೆ. ಹದವಾದ ಸದ್ದಿನಲ್ಲಿ 40 ಹರ್ಟ್ಜ್‌ನಿಂದ ಶುರು ಮಾಡಿ, ಐದೈದು ಏರಿಸುತ್ತ 150ರವರೆಗೆ ಹೋಗಿ. ಕುರ್ಚಿಯಲ್ಲಿ ಕುಳಿತೇ ಕೇಳಿ. ಯಾವ ಸ್ವರ ಥಟ್ಟನೆ ಬತ್ತಿತು, ಯಾವುದು ಎದೆಗೆ ಗುದ್ದಿತು ಎಂದು ಕಾಗದದ ಮೇಲೆ ಗುರುತು ಹಾಕಿ. ಆಮೇಲೆ ಬತ್ತಿದ ಸ್ವರವನ್ನು ಹಾಗೇ ಬಿಟ್ಟು ಎದ್ದು ಹಿಂದಿನ ಗೋಡೆಯ ಕಡೆಗೆ ನಡೆಯಿರಿ. ಗೋಡೆಯ ಬಳಿ ಅದು ಜೀವ ಬಂದಂತೆ ಎದ್ದರೆ ದೋಷ ಕೋಣೆಯದ್ದು. ಕೋಣೆಯ ಯಾವ ಮೂಲೆಯಲ್ಲಿಯೂ ಕೇಳದಿದ್ದರೆ ದೋಷ ಸ್ಪೀಕರಿನದ್ದು, ಅದಕ್ಕೆ ಆ ಸ್ವರ ನುಡಿಸುವ ಶಕ್ತಿಯೇ ಇಲ್ಲ. ನನ್ನಲ್ಲಿ ಎರಡೂ ಇದ್ದವು. 56 ಹರ್ಟ್ಜ್ ಗೋಡೆಯ ಬಳಿ ಗುಂಯ್‌ಗುಟ್ಟಿತು, 47 ಮಾತ್ರ ಎಲ್ಲಿಯೂ ಸರಿಯಾಗಿ ಕೇಳಲಿಲ್ಲ. ಐದು ಇಂಚಿನ ಸ್ಪೀಕರುಗಳಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ತಪ್ಪು.

ಪರಿಹಾರಕ್ಕೆ ಹಣ ಬೇಕಾಗಲಿಲ್ಲ. ಮೇಜನ್ನು ಗಿಡ್ಡ ಗೋಡೆಯ ಕಡೆಗೆ ತಿರುಗಿಸಿ, ನನ್ನ ತಲೆ ಮುಂದಿನ ಗೋಡೆಯಿಂದ ನಾಲ್ಕೂವರೆ ಅಡಿ ದೂರ ಬರುವಂತೆ ಕುಳಿತೆ. ಉದ್ದದ ಶೇಕಡಾ 38ರಷ್ಟು ದೂರದಲ್ಲಿ ಕುಳಿತು ಶುರು ಮಾಡಿ ಎನ್ನುವುದು ಈ ಕೆಲಸದವರ ಹಳೆಯ ಅಂದಾಜು. ಅದು ಶಾಸನವಲ್ಲ, ಅಲ್ಲಿಂದ ಅರ್ಧ ಅಡಿ ಹಿಂದೆ ಮುಂದೆ ಸರಿದು ನೋಡಬೇಕು. ಅಗಲದಲ್ಲಿ ಮಾತ್ರ ಎಡಬಲದ ಸಮತೋಲಕ್ಕಾಗಿ ನಡುವೆಯೇ ಕೂರಬೇಕು, ಹಾಗಾಗಿ 56ರ ಸುತ್ತಿನ ತಗ್ಗು ಪೂರ್ತಿ ಹೋಗಲಿಲ್ಲ. ಆ ಭಾಗವನ್ನು ನಾನು ಈಗ ಸ್ಪೀಕರಿನಲ್ಲಿ ತೀರ್ಮಾನಿಸುವುದಿಲ್ಲ. ಹೆಡ್‌ಫೋನಿನಲ್ಲಿ ಕೇಳಿ, ಕಂಪನಾಂಕದ ನಕ್ಷೆ ತೋರಿಸುವ ಮೀಟರ್ ನೋಡಿ, ಕೊನೆಗೆ ಭಾವನ ಕಾರಿನ ಕೀಲಿ ಕೇಳುತ್ತೇನೆ.

'ಶರಣು' ಎಂದರೆ ಹಾವು ಬುಸುಗುಟ್ಟಿದಂತೆ

ಎರಡನೆಯ ದೂರು ಅಕ್ಕನಿಂದ ಬಂತು. "ಹುಡುಗಿಯ ದನಿ ಚುಚ್ಚುತ್ತದೆ, ಶ ಬಂದಾಗಲೆಲ್ಲ ಹಲ್ಲು ಜುಮ್ಮೆನ್ನುತ್ತದೆ" ಎಂದಳು. ವಚನದಲ್ಲಿ ಶಿವ, ಶರಣ, ಈಶ ಬಿಟ್ಟು ಹಾಡುವುದು ಹೇಗೆ? ಈ ಸೀಟಿಯ ಸದ್ದು ಹೆಚ್ಚಾಗಿ 5ರಿಂದ 8 ಕಿಲೋಹರ್ಟ್ಜ್ ನಡುವೆ ಇರುತ್ತದೆ. ಅದನ್ನು ಮಾತ್ರ ಹಿಡಿದು ಅದುಮುವ ಡಿ-ಎಸ್ಸರ್ ಎಂಬ ಉಪಕರಣವಿದೆ. ಹಾಕಿದೆ. ಹುಡುಗಿ ತೊದಲಿದಂತಾಯಿತು.

ಮತ್ತೆ ಮೊದಲ ಪರೀಕ್ಷೆಗೆ ಹೋದೆ. ಎಲ್ಲ ಆರಿಸಿದರೆ ಸೀಟಿ ಸಹಜವಾಗಿತ್ತು. ಹಾಗಾದರೆ ಅದನ್ನು ಎಬ್ಬಿಸಿದವನು ನಾನೇ. ಈಕ್ಯೂನಲ್ಲಿ 6 ಕಿಲೋಹರ್ಟ್ಜ್‌ನಿಂದ ಮೇಲೆ 4 ಡೆಸಿಬೆಲ್ ಏರಿಸಿದ್ದೆ, ಏಕೆಂದರೆ ಕೋಣೆಯಲ್ಲಿ ಹಾಡು ಮಂಕಾಗಿ ಕೇಳುತ್ತಿತ್ತು. ಮಂಕು ಏಕೆ? ಗೋಡೆಗಳಿಗೆ ಅವ್ವ ಹೊಲಿದ ಆರು ಕೌದಿಗಳನ್ನು ಜೋತುಬಿಟ್ಟಿದ್ದೆ. ಸ್ಟುಡಿಯೋ ಆಯಿತೆಂದು ಹೆಮ್ಮೆ ಬೇರೆ.

ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಅರ್ಧ ಇಂಚು ದಪ್ಪ ಇದ್ದೀತು. ಮೇಲಿನ ಸ್ವರಗಳ ಅಲೆ ಇಂಚುಗಳಲ್ಲಿ ಅಳೆಯುವಷ್ಟು ಚಿಕ್ಕದು, ಕೌದಿ ಅದನ್ನು ಚೆನ್ನಾಗಿ ಹೀರುತ್ತದೆ. 56 ಹರ್ಟ್ಜ್‌ನ ಅಲೆ ಮಾತ್ರ ಇಪ್ಪತ್ತು ಅಡಿ ಉದ್ದ. ಅದಕ್ಕೆ ಕೌದಿ ಗೋಡೆಯ ಮೇಲಿನ ಸುಣ್ಣವಿದ್ದಂತೆ, ಇದ್ದರೂ ಒಂದೇ ಬಿಟ್ಟರೂ ಒಂದೇ. ಹೀಗೆ ನನ್ನ ಕೋಣೆ ಮೇಲಿನದನ್ನು ತಿಂದು ಕೆಳಗಿನದನ್ನು ಹಾಗೇ ಉಳಿಸಿತ್ತು. ಎರಡೂ ಸುಳ್ಳುಗಳಿಗೆ ನಾನು ಈಕ್ಯೂನಲ್ಲಿ ಉತ್ತರ ಕೊಟ್ಟಿದ್ದೆ. ಆರರಲ್ಲಿ ನಾಲ್ಕು ಕೌದಿ ತೆಗೆದೆ, ಸ್ಪೀಕರಿನಿಂದ ಹೊರಟ ಸದ್ದು ಪಕ್ಕದ ಗೋಡೆಗೆ ಬಡಿದು ನೇರ ಕಿವಿಗೆ ಬರುವ ಎರಡು ಜಾಗಗಳಲ್ಲಿ ಮಾತ್ರ ಉಳಿಸಿದೆ. ಮೂಲೆಗಳಿಗೆ ಹತ್ತಿಯ ದಪ್ಪ ಗಾದಿಗಳನ್ನು ಸುರುಳಿ ಸುತ್ತಿ ನಿಲ್ಲಿಸಿದೆ. ಆಮೇಲೆ ಈಕ್ಯೂ ಏರಿಸಬೇಕು ಎಂದೇ ಅನ್ನಿಸಲಿಲ್ಲ, ಡಿ-ಎಸ್ಸರ್ ಕೂಡ ಬೇಕಾಗಲಿಲ್ಲ. ತೆಗೆದ ಕೌದಿಗಳನ್ನು ಅವ್ವ ಮಳೆಗಾಲಕ್ಕೆಂದು ವಾಪಸು ಒಯ್ದಳು.

ತಂಬೂರಿ ಉಸಿರಾಡುತ್ತದೆ

ಇದು ನಿಜವಾಗಿಯೂ ಮಾಸ್ಟರಿಂಗ್‌ನಲ್ಲೇ ಹುಟ್ಟುವ ದೋಷ, ನಮ್ಮ ಕಡೆಯ ಸಂಗೀತಕ್ಕೆ ಹೇಳಿ ಮಾಡಿಸಿದ್ದು. ಡಗ್ಗಾದ ಪೆಟ್ಟು ಬಿದ್ದೊಡನೆ ತಂಬೂರಿ ಕುಗ್ಗುತ್ತದೆ, ಪೆಟ್ಟು ಹೋದ ಮೇಲೆ ಮೆಲ್ಲಗೆ ಉಬ್ಬುತ್ತದೆ. ಯಾರೋ ಪಕ್ಕದಲ್ಲಿ ಮಲಗಿ ಗೊರಕೆ ಹೊಡೆದಂತೆ ಇರುತ್ತದೆ. ಲಿಮಿಟರ್ ಅಥವಾ ಕಂಪ್ರೆಸರ್‌ಗೆ ಡಗ್ಗಾ ಬೇರೆ, ತಂಬೂರಿ ಬೇರೆ ಎಂದು ಗೊತ್ತಿಲ್ಲ. ಜೋರಾದ ಪೆಟ್ಟು ಬಂದಾಗ ಇಡೀ ಹಾಡನ್ನು ಅದುಮುತ್ತದೆ, ಆಮೇಲೆ ಬಿಡುತ್ತದೆ. ಗಿಟಾರು, ಡ್ರಮ್ ತುಂಬಿದ ಹಾಡಿನಲ್ಲಿ ಈ ಏರಿಳಿತ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಒಂದೇ ಎತ್ತರದಲ್ಲಿ ಸತತವಾಗಿ ಮಿಡಿಯುವ ತಂಬೂರಿ ಇದ್ದಲ್ಲಿ ಬೆತ್ತಲೆಯಾಗುತ್ತದೆ.

ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಬಂದ, ಹಿಂದೂಸ್ತಾನಿ ಸಂಗೀತದ ಕಿರಾನಾ ಪದ್ಧತಿಯ ಹಾದಿಯಲ್ಲಿ ಹಾಡುವವರನ್ನು ರೆಕಾರ್ಡ್ ಮಾಡಿದರೆ ಇದು ಇನ್ನೂ ಸ್ಪಷ್ಟ. ಅಲ್ಲಿ ಬಡಾ ಖ್ಯಾಲಿನ ಲಯ ನಿಧಾನ, ಸ್ವರವೊಂದರ ಮೇಲೆ ನಿಲ್ಲುವುದು ಬಹಳ, ಡಗ್ಗಾದ ಪೆಟ್ಟುಗಳ ನಡುವೆ ತಂಬೂರಿಗೆ ವಿಶಾಲ ಬಯಲು. ಅಷ್ಟು ಹೊತ್ತಿನಲ್ಲಿ ಕಂಪ್ರೆಸರ್ ಉಸಿರೆಳೆದು ಬಿಡುವುದು ಪೂರ್ತಿ ಕೇಳಿಸುತ್ತದೆ.

ಪತ್ತೆ ಹಚ್ಚಲು ಗಾಯಕಿಯನ್ನು ಮರೆತು ಎರಡು ನಿಮಿಷ ತಂಬೂರಿಯನ್ನಷ್ಟೇ ಕೇಳಿ. ಲಿಮಿಟರ್ ಎಷ್ಟು ಅದುಮುತ್ತಿದೆ ಎಂದು ತೋರಿಸುವ ಮುಳ್ಳಿನ ಮೇಲೆ ಕಣ್ಣಿಡಿ. ಮುಳ್ಳು ಬಿದ್ದಾಗ ತಂಬೂರಿ ಬಿದ್ದರೆ ಕಳ್ಳ ಸಿಕ್ಕ. ನನ್ನದು ತಾಳದ ಆವರ್ತ ಶುರುವಾಗುವ ಪ್ರತಿ ಸಮ್‌ಗೆ 6 ಡೆಸಿಬೆಲ್ ಬೀಳುತ್ತಿತ್ತು. ಇಂಥ ಸಂಗೀತಕ್ಕೆ 2 ಡೆಸಿಬೆಲ್ ದಾಟಿದರೆ ನನಗೆ ಅನುಮಾನ ಶುರುವಾಗುತ್ತದೆ. ಲಿಮಿಟರ್ ಬಿಡುವ ಸಮಯವನ್ನು ಹಿಂದೆ ಮುಂದೆ ಮಾಡಿದರೆ ಸ್ವಲ್ಪ ಮರೆಯಾಗುತ್ತದೆ. ಕಂಪ್ರೆಸರ್‌ನಲ್ಲಿ 100 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಅದನ್ನು ಎಚ್ಚರಿಸದಂತೆ ಮಾಡುವ ಸೋಸುವಿಕೆ ಇದ್ದರೆ ಹಚ್ಚಿ. ಆದರೆ ಸರಿಯಾದ ಮದ್ದು ಮಿಕ್ಸ್‌ಗೆ ಮರಳಿ ಡಗ್ಗಾವನ್ನು 2 ಡೆಸಿಬೆಲ್ ಇಳಿಸುವುದು. ಐದು ನಿಮಿಷದ ಕೆಲಸ. ಸೋಮಾರಿತನದಿಂದ ನಾನು ಅದಕ್ಕೆ ನಾಲ್ಕು ದಿನ ತೆಗೆದುಕೊಂಡೆ.

ಅಷ್ಟೊಂದು ಅದುಮಲು ಕಾರಣ ಜೋರಾಗಿಸುವ ಹುಚ್ಚು. ಹಾಡಿನ ಒಟ್ಟಾರೆ ಸದ್ದನ್ನು ಅಳೆಯುವ ಮಾನ ಲಫ್ಸ್. ಯೂಟ್ಯೂಬ್ ಸುಮಾರು -14 ಲಫ್ಸ್‌ಗಿಂತ ಜೋರಾದ ಹಾಡನ್ನು ತಾನೇ ಇಳಿಸಿ ನುಡಿಸುತ್ತದೆ. ಸ್ಪಾಟಿಫೈ ಕೂಡ ಸಾಮಾನ್ಯವಾಗಿ ಅಷ್ಟಕ್ಕೇ ಹೊಂದಿಸುತ್ತದೆ. ನಾನು ತಂಬೂರಿಯ ಕತ್ತು ಹಿಸುಕಿ -9ಕ್ಕೆ ಏರಿಸಿದ್ದು ಅಲ್ಲಿ 5 ಡೆಸಿಬೆಲ್ ಇಳಿದು, ಹಿಸುಕಿದ ಗಾಯ ಮಾತ್ರ ಉಳಿಯಿತು. ಈಗ ವಚನ, ಭಜನೆಗಳನ್ನು -16ರ ಸುತ್ತ ಬಿಡುತ್ತೇನೆ. ಯೂಟ್ಯೂಬ್ ಮೆಲ್ಲಗಿರುವ ಹಾಡನ್ನು ತಾನಾಗಿ ಏರಿಸುವುದಿಲ್ಲ ಎನ್ನುವುದು ನಿಜ. ಕೇಳುವವರು ಒಂದು ಗೆರೆ ಹೆಚ್ಚು ಮಾಡಿಕೊಳ್ಳಲಿ.

ಮೊಬೈಲಿನಲ್ಲಿ ತಂಬೂರಿಯೇ ಇಲ್ಲ

ಇದು ಸುಲಭ. ತಂಬೂರಿಗೆ ಎರಡು ಮೈಕ್ ಇಟ್ಟು, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕಿ, ಮೇಲೆ ಹಾಡನ್ನು ಅಗಲವಾಗಿಸುವ ಉಪಕರಣವನ್ನೂ ಹಚ್ಚಿದ್ದೆ. ಹೆಡ್‌ಫೋನಿನಲ್ಲಿ ದೇವಸ್ಥಾನದ ಪ್ರಾಂಗಣದಲ್ಲಿ ಕುಳಿತಂತಿತ್ತು. ಒಂದೇ ಸ್ಪೀಕರಿನ ಮೊಬೈಲಿನಲ್ಲಿ, ಬ್ಲೂಟೂತ್ ಡಬ್ಬಿಯಲ್ಲಿ ಎಡ ಬಲ ಕೂಡಿದಾಗ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಕುಳಿತು ಎರಡೂ ಅಳಿಸಿಹೋದವು. ಸಾಫ್ಟ್‌ವೇರಿನಲ್ಲಿ ಎಡ ಬಲ ಕೂಡಿಸುವ ಮೋನೋ ಗುಂಡಿ ಒತ್ತಿ ಕೇಳಿ. ಎಡ ಬಲಗಳ ಹೊಂದಾಣಿಕೆ ತೋರಿಸುವ ಮೀಟರ್ ಬಹುಪಾಲು ಸೊನ್ನೆಯಿಂದ ಕೆಳಗೆ ಓಡಾಡುತ್ತಿದ್ದರೆ ಇದೇ ರೋಗ. ಅಗಲವಾಗಿಸುವುದನ್ನು ಕಿತ್ತುಹಾಕಿ. ಆಗಲೂ ಹೋಗದಿದ್ದರೆ ಒಂದು ಮೈಕಿನ ಅಲೆಯನ್ನು ತಲೆಕೆಳಗು ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಒಂದೇ ಮೈಕ್ ಇಟ್ಟುಕೊಳ್ಳಿ, ತಂಬೂರಿಗೆ ಅದು ಸಾಕು.

'ಹಾಡು ಒಡೆದಿದೆ'

ಹಾವೇರಿ ಕಡೆಯ ಭಜನಾ ಮಂಡಳಿಯ ಹಿರಿಯರೊಬ್ಬರು ಫೋನ್ ಮಾಡಿ, "ತಮ್ಮಾ, ಹಾಡು ಒಡೆದಿದೆ" ಎಂದರು. ಎದೆ ಧಸಕ್ಕೆಂದಿತು. ಲಿಮಿಟರ್ ಬಿಚ್ಚಿ ಕೂರುವ ಮೊದಲು, "ಎಲ್ಲಿಂದ ಕೇಳಿದಿರಿ ಕಾಕಾ?" ಎಂದು ಕೇಳಿದ್ದು ಪುಣ್ಯ. ಅವರು ಕೇಳಿದ್ದು ಮಂಡಳಿಯ ಗುಂಪಿಗೆ ಯಾರೋ ಒಂದು ಮೊಬೈಲಿನಲ್ಲಿ ನುಡಿಸಿ ಇನ್ನೊಂದು ಮೊಬೈಲಿನಲ್ಲಿ ಹಿಡಿದು ಕಳಿಸಿದ ಧ್ವನಿ ಸಂದೇಶವನ್ನು. ನಡುವೆ ಕುಕ್ಕರ್ ಸೀಟಿಯೂ ಇತ್ತು. ಮೂಲ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದೆ, ದೂರು ಮುಗಿಯಿತು.

ನಿಜವಾಗಿ ಒಡೆಯುವುದೂ ಉಂಟು. ನಿಮ್ಮ ಮೂಲ ಕಡತದಲ್ಲಿ ಸರಿಯಿದ್ದು, ಎಂಪಿ3 ಅಥವಾ ಎಎಸಿ ಎಂಬ ಕುಗ್ಗಿಸಿದ ಕಡತ ಆದ ಮೇಲೆ ತಾರ ಷಡ್ಜದಲ್ಲಿ ಚರಚರ ಎಂದರೆ ಶಿಖರಗಳನ್ನು ನೋಡಿ. ಸಾಮಾನ್ಯ ಮೀಟರ್ ಅಳೆಯುವುದು ಮಾದರಿ ತೆಗೆದ ಬಿಂದುಗಳನ್ನು. ಎರಡು ಬಿಂದುಗಳ ನಡುವೆ ಅಲೆ ಅವುಗಳಿಗಿಂತ ಮೇಲೆ ಹೋಗಿರಬಹುದು, ಕಡತವನ್ನು ಕುಗ್ಗಿಸುವಾಗ ಇನ್ನಷ್ಟು ಏರಬಹುದು. ಲಿಮಿಟರ್‌ನಲ್ಲಿ ನಿಜ ಶಿಖರ ಅಳೆಯುವ ಆಯ್ಕೆ ಹಚ್ಚಿ ಮೇಲ್ಮಿತಿಯನ್ನು -1 ಡೆಸಿಬೆಲ್‌ಗೆ ಇಡಿ. ಕುಗ್ಗಿಸಿದ ಕಡತವನ್ನು ಸಾಫ್ಟ್‌ವೇರಿಗೆ ಮರಳಿ ಎಳೆದು ಅಳೆಯಿರಿ.

ಮಾಸ್ಟರಿಂಗ್ ಆದ ಮೇಲೆ ಗುಂಯ್ ಸದ್ದು

ಇದು ಆಗ ಹುಟ್ಟಿದ್ದಲ್ಲ. ರೆಕಾರ್ಡ್ ಮಾಡಿದಾಗಲೇ ತಳದಲ್ಲಿ ಮಲಗಿತ್ತು, ನೀವು ಹಾಡನ್ನು 7 ಡೆಸಿಬೆಲ್ ಎತ್ತಿದಾಗ ಅದೂ ಎದ್ದು ಬಂತು. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದ್ದು, ಆದ್ದರಿಂದ ಕಂಪನಾಂಕದ ನಕ್ಷೆಯಲ್ಲಿ 50, 100, 150ರ ಬಳಿ ಸೂಜಿಯಂತೆ ಎದ್ದ ಗೆರೆಗಳು ಕಂಡರೆ ಅದು ವಿದ್ಯುತ್ತಿನ ಗುಂಯ್. ಮೈಕ್ ಹಚ್ಚಿಟ್ಟು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಗುಂಯ್ ನಿಂತರೆ ದಾರಿ ಸಿಕ್ಕಿತು. ಎಲ್ಲ ಉಪಕರಣಗಳನ್ನೂ ಒಂದೇ ಪ್ಲಗ್ಗಿನಿಂದ ಹೊರಡುವ ಒಂದೇ ವಿಸ್ತರಣಾ ಪಟ್ಟಿಗೆ ಹಾಕಿ, ಮೂರು ತಂತಿಯ ಬ್ಯಾಲನ್ಸ್ಡ್ ಕೇಬಲ್ ಬಳಸಿ. ಅಗ್ಗದ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡಬೇಡಿ, ಅದರ ಅಲೆ ನಯವಾಗಿರುವುದಿಲ್ಲ. ಅರ್ಥಿಂಗ್ ಪಿನ್ ಮುರಿದರೆ ಗುಂಯ್ ಹೋಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ಕೆಲವೊಮ್ಮೆ ಗುಂಯ್ ಹೋಗುತ್ತದೆ, ಜೊತೆಗೆ ಮೈಕ್ ಮುಟ್ಟಿದವರ ಪ್ರಾಣವೂ ಹೋಗಬಹುದು. ಆ ಮಾತು ಕೇಳಬೇಡಿ.

ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಇಲ್ಲದ ಗುಂಯ್ ಏಪ್ರಿಲ್‌ನಲ್ಲಿ ಬರುತ್ತಿತ್ತು. ಎರಡು ಕೇಬಲ್ ಬದಲಿಸಿದೆ, ಹೋಗಲಿಲ್ಲ. ಕೊನೆಗೆ ಕರೆಸಿದ ಎಲೆಕ್ಟ್ರಿಷಿಯನ್ ಹಿತ್ತಲಿಗೆ ಹೋಗಿ ಅರ್ಥಿಂಗ್ ಗುಂಡಿಯ ಮುಚ್ಚಳ ಎತ್ತಿ ಬಗ್ಗಿ ನೋಡಿದರು. ಇದ್ದಿಲು, ಉಪ್ಪು ಹಾಕಿದ ಗುಂಡಿ ಬೂದಿಯಂತೆ ಒಣಗಿತ್ತು. ನಾಲ್ಕು ಕೊಡ ನೀರು ಸುರಿದರು. ಸಂಜೆ ಅಳೆದಾಗ 100 ಹರ್ಟ್ಜ್‌ನ ಸೂಜಿ ಅಡಗಿತ್ತು. ಈಗ ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕುವ ಅವ್ವ ಗುಂಡಿಗೂ ಒಂದು ಕೊಡ ಹಾಕುತ್ತಾಳೆ.

ಆಗಲೇ ರೆಕಾರ್ಡ್ ಆದದ್ದರಿಂದ ಗುಂಯ್ ತೆಗೆಯಲು ಆ ಕಂಪನಾಂಕಗಳನ್ನು ಕೊರೆಯುವವರು ಕೊರೆತವನ್ನು ಕೂದಲಿನಷ್ಟು ಕಿರಿದಾಗಿ ಇಡಿ. ಹಾರ್ಮೋನಿಯಂನ ಎರಡನೆಯ ಕರಿ ಮನೆ, ಅಂದರೆ ಕರಿ ಎರಡರಲ್ಲಿ ಹಾಡುವ ಗಂಡಸರ ಮಧ್ಯ ಷಡ್ಜ ಸುಮಾರು 155 ಹರ್ಟ್ಜ್. 150ರಲ್ಲಿ ಅಗಲವಾಗಿ ಕೊರೆದರೆ ಗುಂಯ್ ಜೊತೆಗೆ ಗಾಯಕನ ಸಾ ಕೂಡ ಹೋಗುತ್ತದೆ.

ಶ್ರುತಿಯೇ ಏರಿದ್ದರೆ

ಹಾಡು ಒಂದೂವರೆ ಮನೆಯಷ್ಟು ಮೇಲೆ ಹೋಗಿ, 5 ನಿಮಿಷದ್ದು 4 ನಿಮಿಷ 36 ಸೆಕೆಂಡಿಗೆ ಮುಗಿದರೆ 44.1 ಕಿಲೋಹರ್ಟ್ಜ್ ಮಾದರಿ ದರದಲ್ಲಿ (ಸೆಕೆಂಡಿಗೆ ಎಷ್ಟು ಬಿಂದು ಎಂಬ ಲೆಕ್ಕ) ರೆಕಾರ್ಡ್ ಆದದ್ದನ್ನು 48ರದ್ದೆಂದು ನುಡಿಸುತ್ತಿದ್ದೀರಿ. ಎರಡೂ ಕಡೆ ಒಂದೇ ಅಂಕೆ ಹಾಕಿ.

ಹಿಂದೆ ಹೋಗಲೇಬೇಕಾದ ದೋಷ

ನಾಲ್ಕನೆಯ ವಚನದ ಕೊನೆಯ ಏರು ಸಾಲಿನಲ್ಲಿ ಹುಡುಗಿಯ ದನಿ ಸೀಳಿತ್ತು. ಎಲ್ಲ ಆರಿಸಿದೆ, ಇತ್ತು. ಮಿಕ್ಸ್‌ನಲ್ಲಿ ಅವಳ ಟ್ರ್ಯಾಕ್ ಒಂದನ್ನೇ ಕೇಳಿದೆ, ಇತ್ತು. ಅಲೆಯನ್ನು ದೊಡ್ಡದು ಮಾಡಿ ನೋಡಿದರೆ ಹನ್ನೊಂದು ಶಿಖರಗಳ ನೆತ್ತಿ ಕುಡುಗೋಲಿನಿಂದ ಕೊಯ್ದಂತೆ ಚಪ್ಪಟೆ. ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸಿನಲ್ಲಿ ಗೇನ್, ಅಂದರೆ ಮೈಕಿನ ಸದ್ದನ್ನು ಎತ್ತುವ ಗುಂಡಿ, ಹೆಚ್ಚಿಟ್ಟಿದ್ದೆ. ಒಡೆದದ್ದನ್ನು ಕೂಡಿಸುವ ಸಾಫ್ಟ್‌ವೇರ್ ಇದೆ, ಸೀಳಿನ ಜಾಗದಲ್ಲಿ ಅದು ತೇಪೆ ಹಾಕುತ್ತದೆ. ಎಲ್ಲರಿಗೂ ಕೇಳಿಸಲಿಕ್ಕಿಲ್ಲ, ನನಗೆ ಕೇಳಿಸಿತು.

"ಮತ್ತೆ ಹಾಡಬೇಕು" ಎಂದೆ. ಭಾನುವಾರ ಬಂದಳು. ಮೈಕನ್ನು ಒಂದು ಗೇಣು ಹಿಂದಕ್ಕೆ ಸರಿಸಿ, ಅವಳ ಅತಿ ಎತ್ತರದ ಸ್ವರ ಮೀಟರಿನಲ್ಲಿ -12 ಡೆಸಿಬೆಲ್ ದಾಟದಂತೆ ಗೇನ್ ಇಳಿಸಿದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಅಲೆ ಚಪ್ಪಟೆಯಾಗುವ ಸೊನ್ನೆಯ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಎರಡನೆಯ ಸಲಕ್ಕೆ ಚೆನ್ನಾಗಿ ಬಂತು. ಹೊಸ ಮಾಸ್ಟರನ್ನು ಅದೇ ಕಾರಿನಲ್ಲಿ, ಅದೇ ರಸ್ತೆಯಲ್ಲಿ ಕೇಳಿದೆವು. ಸತ್ತೂರು ದಾಟಿತು, ನವನಗರ ದಾಟಿತು, ಬಾಗಿಲು ನಡುಗಲಿಲ್ಲ. ಉಣಕಲ್ ಕೆರೆ ಬಂದಾಗ ಹಿಂದಿನ ಸೀಟಿನಿಂದ ಹುಡುಗಿ, "ಮಾಮಾ, ಎರಡನೆಯ ವಚನದಲ್ಲಿ ತಬಲಾ ಸ್ವಲ್ಪ ಓಡಿದೆಯಲ್ಲ?" ಎಂದಳು. ತಬಲಾ ನುಡಿಸಿದ್ದು ಅವಳಪ್ಪ. ಭಾವ ಕನ್ನಡಿಯಲ್ಲಿ ಹಿಂದೆ ನೋಡಿ, ಸದ್ದು ಸ್ವಲ್ಪ ಕಡಿಮೆ ಮಾಡಿದರು.